ಸತ್ತೇ ಹೋಯ್ತು ಅಂದುಕೊಂಡಿದ್ದ ಜೋಗದ ಹುಲ್ಲು ಮತ್ತೆ ಸಿಕ್ಕಿದ್ದು ಹೇಗೆ? ನಮ್ಮ ಝರಿ, ಹಳ್ಳಗಳಿಗೆ ಇದರಲ್ಲಿದೆ ಪಾಠ

ಭಾಲ್ಕಿ: ಜೋಗ ಜಲಪಾತ ಯಾರಿಗೆ ಗೊತ್ತಿಲ್ಲ? ಆದರೆ ಅದರ ತುಂತುರು ನೀರಿಗೆ ಬದುಕಿದ್ದ ಒಂದು ಸಣ್ಣ ಹುಲ್ಲಿನ ಕಥೆ ಬಹಳ ಜನಕ್ಕೆ ಗೊತ್ತಿಲ್ಲ. ಈ ಹುಲ್ಲು ಭೂಮಿ ಮೇಲೆ ಇನ್ನಿಲ್ಲ ಅಂತ ಸಸ್ಯಶಾಸ್ತ್ರಜ್ಞರೇ ನಂಬಿದ್ದರು. ಮೊದಲ ಸಲ ಸಿಕ್ಕು 80 ವರ್ಷ ದಾಟಿದ ಮೇಲೆ ಅದು ಬೇರೊಂದು ಘಾಟ್‌ನಲ್ಲಿ ಜೀವಂತವಾಗಿ ಕಂಡಿತು. ಝರಿ, ಹಳ್ಳಗಳಿರುವ ನಮ್ಮ ಬೀದರ್ ಜಿಲ್ಲೆಯವರೂ ಈ ಕಥೆ ತಿಳಿದುಕೊಳ್ಳಬೇಕು.

ಯಾವುದು ಈ ಹುಲ್ಲು?

ಇದರ ವೈಜ್ಞಾನಿಕ ಹೆಸರು ಹಬಾರ್ಡಿಯಾ ಹೆಪ್ಟಾನ್ಯೂರಾನ್. 1919ರಲ್ಲಿ ಐಸಿಎಸ್ ಅಧಿಕಾರಿ ಎಲ್.ಜೆ. ಸೆಡ್ಜ್‌ವಿಕ್ ಹಾಗೂ ಅರಣ್ಯಾಧಿಕಾರಿ ಟಿ.ಆರ್.ಡಿ. ಬೆಲ್ ಇದನ್ನು ಜೋಗದಲ್ಲಿ ಸಂಗ್ರಹಿಸಿದರು. ಆಗ ಅದಕ್ಕೆ ಗೇರುಸೊಪ್ಪೆ ಜಲಪಾತ ಅಂತಲೇ ಹೆಸರು. ಒಣಗಿಸಿ, ಕಾಗದಕ್ಕೆ ಅಂಟಿಸಿಟ್ಟ ಆ ಹುಲ್ಲು ಹೊಸ ಜಾತಿ ಅಂತ ಗೊತ್ತಾಗಲು ಮೂರು ದಶಕವೇ ಬೇಕಾಯ್ತು. ಭಾರತದ ಹುಲ್ಲುಗಳನ್ನು ಆಳವಾಗಿ ಅಧ್ಯಯನ ಮಾಡಿದ್ದ ಎನ್.ಎಲ್. ಬೋರ್ ಇದಕ್ಕೆ ನಾಮಕರಣ ಮಾಡಿದರು. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಹುಲ್ಲುತಜ್ಞ ಸಿ.ಇ. ಹಬಾರ್ಡ್ ಅವರ ನೆನಪಿಗೆ 'ಹಬಾರ್ಡಿಯಾ' ಅಂತ ಇಟ್ಟರು. 'ಹೆಪ್ಟಾನ್ಯೂರಾನ್' ಅಂದರೆ ಏಳು ನರಗಳುಳ್ಳದ್ದು.

ಇದು ದನ ಮೇಯುವ ಬಯಲಿನ ಹುಲ್ಲಲ್ಲ. ನೆರಳಿರಬೇಕು, ಬಂಡೆ ಸದಾ ಹಸಿಯಾಗಿರಬೇಕು, ಗಾಳಿಯಲ್ಲೂ ತೇವ ಇರಬೇಕು. ಜಲಪಾತದ ಸುತ್ತಮುತ್ತ ಇವೆಲ್ಲ ಒಟ್ಟಿಗೆ ಸಿಗುತ್ತವೆ.

'ಅಳಿದುಹೋಯ್ತು' ಅಂದಿದ್ದು ಯಾಕೆ?

ಶರಾವತಿ ನೀರನ್ನು ವಿದ್ಯುತ್ತಿಗೆ ಬಳಸುವ ಕೆಲಸ 1940ರ ದಶಕದಲ್ಲೇ ಶುರುವಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ನಾಡಿಗೆ ಬೆಳಕು ಸಿಕ್ಕಿತು, ಅದರ ಲಾಭ ನಮಗೂ ತಟ್ಟಿದೆ. ಆದರೆ ಜಲಪಾತದಲ್ಲಿ ವರ್ಷವಿಡೀ ಬೀಳುತ್ತಿದ್ದ ನೀರು ಕಡಿಮೆಯಾಯ್ತು. ನೀರು ಕಡಿಮೆಯಾದರೆ ತುಂತುರೂ ಕಡಿಮೆ, ಬಂಡೆ ಒಣಗುತ್ತದೆ.

ಈ ಹುಲ್ಲಿಗೆ ಗೊತ್ತಿದ್ದ ಮನೆ ಅದೊಂದೇ. ಅಲ್ಲಿ ಮತ್ತೆ ಕಾಣದಿದ್ದಾಗ, ಪ್ರಪಂಚದಲ್ಲೇ ಇಲ್ಲ ಅಂತ ಸಸ್ಯತಜ್ಞರು ಅಂದುಕೊಂಡರು. ಅದು ಅಳಿದುಹೋದ ಸಸ್ಯಗಳ ಪಟ್ಟಿಗೂ ಸೇರಿತು.

ಮತ್ತೆ ಸಿಕ್ಕಿದ್ದು ಎಲ್ಲಿ?

ಸಿಕ್ಕಿದ್ದು ಜೋಗದಲ್ಲಲ್ಲ. ಅಲ್ಲಿಂದ ಉತ್ತರಕ್ಕೆ, ನೇರ ಅಳತೆಯಲ್ಲಿ 150 ಕಿಲೋಮೀಟರ್‌ಗೂ ಹೆಚ್ಚು ದೂರದ ತಿಲಾರಿ ಘಾಟ್‌ನಲ್ಲಿ. ಇದು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಚಂದಗಡ ಕಡೆ, ನಮ್ಮ ಬೆಳಗಾವಿಗೆ ಹತ್ತಿರ. ಈ ಶತಮಾನದ ಆರಂಭದಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಎಸ್.ಆರ್. ಯಾದವ್ ಮತ್ತು ಅವರ ಜೊತೆಗಾರರು ಇದನ್ನು ಗುರುತಿಸಿದರು.

ಅವರು ಅಲ್ಲಿಗೇ ನಿಲ್ಲಲಿಲ್ಲ. ಒಂದೇ ಜಾಗದಲ್ಲಿರುವ ಗಿಡಕ್ಕೆ ಒಂದು ಗುಡ್ಡ ಕುಸಿತ ಸಾಕು, ಒಂದು ರಸ್ತೆ ಕೆಲಸ ಸಾಕು. ಹೀಗಾಗಿ ಯಾದವ್ ಅವರ ತಂಡ ಹುಲ್ಲನ್ನು ಬೆಳೆಸಿ, ಪಶ್ಚಿಮ ಘಟ್ಟದಲ್ಲಿ ಅದಕ್ಕೆ ಹೊಂದುವ ಬೇರೆ ಜಾಗಗಳಲ್ಲೂ ನೆಟ್ಟಿತು. ಆ ಕೆಲಸದ ವರದಿ 2009ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂದಿದೆ. ಹಾಗಂತ ಹುಲ್ಲು ಪೂರ್ತಿ ಪಾರಾಗಿದೆ ಅಂತಲ್ಲ. ಅದು ಇನ್ನೂ 'ತೀವ್ರ ಅಪಾಯದಲ್ಲಿರುವ' ಜಾತಿ.

'ಇಲ್ಲ' ಬೇರೆ, 'ಕಂಡಿಲ್ಲ' ಬೇರೆ

ಒಂದು ಜಾತಿ ಅಳಿದಿದೆ ಅಂತ ಘೋಷಿಸಲು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ನಿಯಮ ಬಿಗಿಯಾಗಿದೆ. ಅದು ಇರಬಹುದಾದ ಎಲ್ಲ ಕಡೆ, ಸರಿಯಾದ ಹಂಗಾಮಿನಲ್ಲಿ ಹುಡುಕಿರಬೇಕು. ಕೊನೆಯ ಗಿಡವೂ ಸತ್ತಿದೆ ಅನ್ನೋದರಲ್ಲಿ ಸಂಶಯ ಉಳಿದಿರಬಾರದು. ಮಳೆಗಾಲದಲ್ಲಿ ಮಾತ್ರ ಹೂ ಬಿಡುವ ಹುಲ್ಲನ್ನು ಏಪ್ರಿಲ್‌ನಲ್ಲಿ ಹುಡುಕಿದರೆ ಸಿಗುತ್ತದೆಯೇ?

ಇನ್ನೂ ಒಂದು ಮಾತು. 1919ರಲ್ಲಿ ಆ ಇಬ್ಬರು ಹುಲ್ಲನ್ನು ಒಣಗಿಸಿ, ಊರು ಬರೆದಿಡದಿದ್ದರೆ, ತಿಲಾರಿಯಲ್ಲಿ ಕಂಡಿದ್ದು 'ಕಳೆದುಹೋಗಿದ್ದ ಹುಲ್ಲು' ಅಂತ ಯಾರಿಗೂ ತಿಳೀತಿರಲಿಲ್ಲ. ಬರೆದಿಟ್ಟರೆ ಮಾತ್ರ ಹೋಗಿದ್ದೂ ಗೊತ್ತಾಗುತ್ತದೆ, ಬಂದಿದ್ದೂ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಗೆ ಇದರಿಂದ ಏನು?

ಬೀದರ್‌ನಲ್ಲಿ ಜೋಗದಂಥ ಜಲಪಾತ ಇಲ್ಲ, ಮಲೆನಾಡಿನ ಮಳೆಯೂ ಇಲ್ಲ. ಆ ಹುಲ್ಲು ಇಲ್ಲಿ ಬದುಕುವುದಿಲ್ಲ. ಆದರೆ ಸದಾ ಹಸಿ ಇರುವ ಸಣ್ಣ ಸಣ್ಣ ಜಾಗಗಳು ನಮ್ಮಲ್ಲೂ ಇವೆ. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಎತ್ತರದ ಮೇಲೆ. ಈ ಕಲ್ಲಿನೊಳಗೆ ಮಳೆ ನೀರು ಇಳಿದು, ಅಂಚಿನಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ಗುರುನಾನಕ್ ಝಿರಾ, ನರಸಿಂಹ ಝರಣಿ ನೋಡಿದವರಿಗೆ ಇದು ಗೊತ್ತಿದ್ದದ್ದೇ. ನೌಬಾದ್‌ನ ಸುರಂಗ ಬಾವಿಗೂ ಇದೇ ಅಂತರ್ಜಲ ಆಧಾರ.

ಇಂಥ ಜಾಗದ ಗಿಡಗಳು ಪಕ್ಕದ ತೊಗರಿ ಹೊಲದಲ್ಲಿ ಬದುಕಲ್ಲ. ಮುರುಮ್ ಅಗೆದರೆ, ಝರಿಯ ಬಾಯಿಗೆ ಸಿಮೆಂಟ್ ಹಾಕಿದರೆ, ಸುತ್ತ ಬೋರ್‌ವೆಲ್ ಹೆಚ್ಚಾಗಿ ತೇವ ಆರಿದರೆ ಅವು ಹೋಗುತ್ತವೆ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಹತ್ತಿರ ಕಾರಂಜಾ ಅಣೆಕಟ್ಟು ಕಟ್ಟುವ ಮೊದಲು ಆ ದಂಡೆ ಮೇಲೆ ಏನೇನು ಬೆಳೀತಿತ್ತು? ಹಿರಿಯರ ನೆನಪಲ್ಲಿ ಇರುವುದನ್ನು ಈಗಲೇ ಕೇಳಿ ಬರೆದಿಡದಿದ್ದರೆ ಮುಂದೆ ಹೇಳುವವರು ಇರಲ್ಲ.

ಜನ ಏನು ಮಾಡಬಹುದು?

• ಜೈವಿಕ ವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಬೀಜಗಳ ಬಗ್ಗೆ ಜನರನ್ನು ಕೇಳಿ ದಾಖಲೆ ಪುಸ್ತಕ ತಯಾರಿಸುವುದು ಅದರ ಕೆಲಸ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಆ ಪುಸ್ತಕ ತೋರಿಸಿ ಅಂತ ಕೇಳಿ.

• ಝರಿ, ಹಳ್ಳದ ದಂಡೆ, ಗಾಯರಾಣ, ಹಳೇ ಕೋಟೆ ಗೋಡೆ ಮೇಲಿನ ಗಿಡಗಳ ಫೋಟೊ ತೆಗೆಯಿರಿ. ಇಡೀ ಗಿಡ, ಎಲೆ, ಹೂ, ಕಾಯಿ ಎಲ್ಲವೂ ಕಾಣಲಿ. ತಾರೀಖು, ಊರು ಬರೆದಿಡಿ.

• ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ತಾಣಕ್ಕೆ ಫೋಟೊ ಹಾಕಿದರೆ ಹೆಸರು ಗುರುತಿಸಲು ತಿಳಿದವರು ನೆರವಾಗುತ್ತಾರೆ. ಅಪರೂಪದ್ದು ಅನ್ನಿಸಿದರೆ ಕಿತ್ತು ತರಬೇಡಿ.

• ಊರಲ್ಲಿ ಗಿಡಮೂಲಿಕೆ ತಿಳಿದ ಹಿರಿಯರು ಹೇಳುವ ಹೆಸರುಗಳನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆದುಕೊಳ್ಳಿ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಈ ಕೆಲಸಕ್ಕೆ ಒಳ್ಳೆ ಕಾಲ. ಶಾಲೆ, ಕಾಲೇಜಿನ ಮಕ್ಕಳು ವಾರಕ್ಕೆ ಒಂದು ಸಲ ತಮ್ಮೂರಿನ ಒಂದೇ ಹಳ್ಳ ನೋಡಿ ಬಂದರೂ ಸಾಕು, ಒಂದು ಮಳೆಗಾಲದಲ್ಲಿ ಆ ಊರಿನ ಮೊದಲ ಪಟ್ಟಿ ತಯಾರಾಗುತ್ತದೆ.