ಮಳೆ ಹಿಡಿಯುವ ಮೊದಲು: ಕೊಂಬೆ ಸವರಲು ಹಗುರಾದ ಚೈನ್ ಸಾ

ಮೇ ತಿಂಗಳಲ್ಲಿ ಊರಿಗೆ ಹೋಗುವ ನಮ್ಮಂಥ ಮುಂಬೈಯವರಿಗೆ ಮದುವೆ, ಪೂಜೆ, ಹಲಸಿನಹಣ್ಣಿನ ಜೊತೆಗೆ ಇನ್ನೊಂದು ಕೆಲಸ ಕಾದಿರುತ್ತದೆ: ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸುವುದು. ಕುಂದಾಪುರದ ಕಡೆಯ ನಮ್ಮ ಮನೆಗೆ ಹಿಂದೆಲ್ಲ ಹೇಳಿ ಕಳಿಸಿದರೆ ಮರ ಹತ್ತುವವರು ಬರುತ್ತಿದ್ದರು. ಈಗ ಅವರ ಮಕ್ಕಳೂ ನಮ್ಮ ಹಾಗೆ ಊರು ಬಿಟ್ಟಿದ್ದಾರೆ. ನಾಲ್ಕು ವರ್ಷದ ಹಿಂದೆ ನಾನು ರೈಲಿಳಿದು ಅಂಗಳಕ್ಕೆ ಬಂದಾಗ 76 ವರ್ಷದ ಅಪ್ಪಯ್ಯ ಕತ್ತಿ ಹಿಡಿದು ಹಲಸಿನ ಮರದ ಮೇಲಿದ್ದರು. ಕೆಳಗೆ ನಿಂತ ಅಮ್ಮ ಬೈಯುವುದನ್ನೂ ಬಿಟ್ಟು ದೇವರ ಹೆಸರು ಹೇಳುತ್ತಿದ್ದಳು.

ಮರುದಿನವೇ ಹೋಗಿ ಚೈನ್ ಸಾ ತಂದೆ. ಅದೂ ಎಂಥದ್ದು? ಮರ ಉರುಳಿಸುವವರು ಹಿಡಿಯುವ 18 ಇಂಚಿನ ಪೆಟ್ರೋಲ್ ಯಂತ್ರ. ಪೆಟ್ರೋಲು, ಎಣ್ಣೆ ತುಂಬಿದಾಗ ಏಳು ಕೆಜಿ ಹತ್ತಿರ. ಎರಡು ಕೊಂಬೆ ಮುಗಿಯುವಷ್ಟರಲ್ಲಿ ಕೈ ನಡುಗತೊಡಗಿತು. ಕೈ ಸೋತಾಗಲೇ ಅಪಘಾತ ಆಗುವುದು. ಸವರುವ ಕೆಲಸಕ್ಕೆ ಅಷ್ಟು ಉದ್ದ ಬೇಕಿಲ್ಲ. ಕೊಂಬೆಯ ದಪ್ಪಕ್ಕಿಂತ ಬಾರ್ ಒಂದೆರಡು ಇಂಚು ಉದ್ದವಿದ್ದರೆ ಸಾಕು. ಪೇರಳೆ, ಚಿಕ್ಕು, ಗೊಬ್ಬರದ ಗಿಡಕ್ಕೆ 4ರಿಂದ 6 ಇಂಚಿನ ಬ್ಯಾಟರಿ ಗರಗಸ ಧಾರಾಳ, ತೂಕ ಒಂದೂವರೆ ಕೆಜಿಯ ಆಸುಪಾಸು. ಮಾವು, ಹಲಸಿನ ಕೊಂಬೆಗೆ 10ರಿಂದ 12 ಇಂಚು. ಹಗುರ ಎಂದು ಹಿಡಿಕೆ ಮೇಲ್ಭಾಗದಲ್ಲಿರುವ ಯಂತ್ರವನ್ನು ಮಾತ್ರ ತರಬೇಡಿ. ಅದು ಹಗ್ಗ ಕಟ್ಟಿಕೊಂಡು ಮರದ ಮೇಲೆ ಕೆಲಸ ಮಾಡುವ ತರಬೇತಾದವರಿಗೆ. ಒಂದೇ ಕೈಯಲ್ಲಿ ಹಿಡಿಯಬೇಕೆಂಬ ಆಸೆ ಹುಟ್ಟಿಸುತ್ತದೆ, ಅಲ್ಲೇ ಅಪಾಯ. ಎತ್ತರದ ಕೊಂಬೆಗೆ ಉದ್ದ ಕೋಲಿನ ತುದಿಯಲ್ಲಿ ಗರಗಸವಿರುವ ಯಂತ್ರ ಸಿಗುತ್ತದೆ. ನೆಲದ ಮೇಲೆ ನಿಂತೇ ಕೊಯ್ಯಬಹುದು. ಏಣಿ ಹತ್ತಿ ಚೈನ್ ಸಾ ಓಡಿಸುವುದು ಬೇಡವೇ ಬೇಡ.

ಪೆಟ್ರೋಲಿನದೋ ಬ್ಯಾಟರಿಯದೋ? ದಿನವೂ ತೋಟದಲ್ಲಿರುವವರ ಮಾತು ಬೇರೆ. ವರ್ಷಕ್ಕೆ ಎರಡು ಸಲ ಊರಿಗೆ ಹೋಗುವ ನಮಗೆ ಬ್ಯಾಟರಿಯೇ ಸರಿ ಎಂಬುದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಮೊದಲ ವರ್ಷ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಮುಂಬೈಗೆ ಬಂದಿದ್ದೆ. ದೀಪಾವಳಿಗೆ ಹೋಗಿ ಎಳೆದದ್ದೇ ಎಳೆದದ್ದು, ಯಂತ್ರ ಜಪ್ಪಯ್ಯ ಅನ್ನಲಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕೇಳಬೇಕೆ? ಕಾರ್ಬುರೇಟರಿನಲ್ಲಿ ಅಂಟು ಕಟ್ಟಿತ್ತು. ಪೆಟ್ರೋಲಿನದೇ ಇದ್ದರೆ ಕೆಲಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಎಣ್ಣೆ ಬೆರೆಸುವ ಲೆಕ್ಕ ಯಂತ್ರದ ಪುಸ್ತಕದಲ್ಲಿರುತ್ತದೆ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ ಟೂ ಸ್ಟ್ರೋಕ್ ಎಣ್ಣೆ.

ಇನ್ನೊಂದು, ಇಲ್ಲಿಂದ ಕೊಂಡೊಯ್ಯುವ ಬದಲು ಊರಿನ ಹತ್ತಿರದ ಪೇಟೆಯಲ್ಲೇ ಕೊಳ್ಳಿ. ಪೆಟ್ರೋಲ್ ವಾಸನೆಯಿರುವ ಯಂತ್ರವನ್ನು ವಿಮಾನಕ್ಕೆ ಹತ್ತಿಸುವುದಿಲ್ಲ. ಬಿಡಿ ಬ್ಯಾಟರಿಯನ್ನು ಚೆಕ್-ಇನ್ ಚೀಲದಲ್ಲಿ ಹಾಕುವಂತಿಲ್ಲ. ಬಿಡಿಭಾಗ, ರಿಪೇರಿ ಸಿಗುವುದೂ ಕೊಂಡ ಅಂಗಡಿಯಲ್ಲೇ ಅಲ್ಲವೇ?

ಆರೈಕೆಯ ಮುಕ್ಕಾಲು ಪಾಲು ಇರುವುದು ಸರಪಳಿಯಲ್ಲಿ. ಹರಿತವಿದ್ದರೆ ಮರದ ಸಣ್ಣ ಚಕ್ಕೆ ಉದುರುತ್ತದೆ, ಮೊಂಡಾದರೆ ಹಿಟ್ಟಿನಂಥ ಪುಡಿ. ಕೊಯ್ತ ಒಂದು ಕಡೆಗೆ ವಾಲಿದರೆ ಆ ಬದಿಯ ಹಲ್ಲು ಹೆಚ್ಚು ಹರಿತವಿದೆ ಎಂದು ಅರ್ಥ. ಅಪ್ಪಯ್ಯ ಈ ಕೆಲಸವನ್ನು ತಮ್ಮದಾಗಿಸಿಕೊಂಡಿದ್ದಾರೆ. ಜೀವಮಾನವಿಡೀ ಕತ್ತಿ ಮಸೆದ ಕೈ. ಜಗಲಿಯಲ್ಲಿ ಕುಳಿತು 4 ಮಿಲಿಮೀಟರಿನ ದುಂಡು ಅರದಿಂದ, ಸರಪಳಿಯ ಅಳತೆಗೆ ಹೇಳಿದ 30 ಡಿಗ್ರಿ ಓರೆಯಲ್ಲಿ, ಪ್ರತಿ ಹಲ್ಲಿಗೂ ಎಣಿಸಿ ಮೂರೇ ಸಲ ಉಜ್ಜುತ್ತಾರೆ. ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ. ಸರಪಳಿ ಬಾರಿನ ಕೆಳಗೆ ಜೋತಾಡಬಾರದು. ಕೈಗವಸು ಹಾಕಿ ಎಳೆದರೆ ಸರಾಗವಾಗಿ ಜಾರಬೇಕು. ಹೊಸತು ಬೇಗ ಸಡಿಲವಾಗುತ್ತದೆ, ಆಗಾಗ ನೋಡಿ. ಬ್ಯಾಟರಿಯದಾದರೂ ಚೈನ್ ಎಣ್ಣೆ ಹಾಕಲೇಬೇಕು. ಎಣ್ಣೆ ಬರುವ ರಂಧ್ರ ಚೊಕ್ಕ ಮಾಡಿ, ಬಾರನ್ನು ಆಗಾಗ ಮಗುಚಿ ಹಾಕಿದರೆ ಎರಡೂ ಅಂಚು ಸಮವಾಗಿ ಸವೆಯುತ್ತದೆ. ಹಲಸಿನ ಮೇಣ ಹಿಡಿದರೆ? ಹಣ್ಣು ಬಿಡಿಸುವಾಗ ಕೈಗೆ ಸವರುವ ತೆಂಗಿನೆಣ್ಣೆಯೇ ಮದ್ದು. ಇದನ್ನೆಲ್ಲ ಮಾಡುವಾಗ ಬ್ಯಾಟರಿ ಕಳಚಿರಬೇಕು.

ಕೊಯ್ಯುವಾಗ ಬಾರಿನ ಮೂತಿಯ ಮೇಲ್ಭಾಗ ಯಾವುದಕ್ಕೂ ತಾಗಬಾರದು, ತಾಗಿದರೆ ಗರಗಸ ಮುಖದತ್ತ ಚಿಮ್ಮುತ್ತದೆ. ಭಾರದ ಕೊಂಬೆಯನ್ನು ಬುಡದಲ್ಲೇ ಕಡಿಯಲು ಹೋದರೆ ಕಾಂಡದ ತೊಗಟೆ ಸಿಗಿದು ಬರುತ್ತದೆ. ಮೊದಲು ಬುಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ ಕೊಯ್ದು, ಅದರಾಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಉಳಿದ ಮೋಟನ್ನು ಬುಡದ ಉಬ್ಬಿಗೆ ಗಾಯವಾಗದಂತೆ ತೆಗೆಯಿರಿ. ವಿದ್ಯುತ್ ತಂತಿಯ ಹತ್ತಿರದ ಕೊಂಬೆ ಮೆಸ್ಕಾಂನವರ ಕೆಲಸ. ಮುಂಬೈಯ ಸೊಸೈಟಿ ಮರಗಳ ಮೇಲೆ ಈ ಕೈಚಳಕ ಬೇಡ. ಮಹಾರಾಷ್ಟ್ರದ 1975ರ ಕಾಯಿದೆಯಂತೆ ಪಾಲಿಕೆಯ ಅನುಮತಿ ಬೇಕು.

ಈಗ ನಮ್ಮ ಮನೆಯಲ್ಲಿರುವುದು 10 ಇಂಚಿನ ಬ್ಯಾಟರಿ ಯಂತ್ರ. ಹೊರಡುವ ಮುನ್ನ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿಟ್ಟು ಅಮ್ಮನ ಕಪಾಟಿನಲ್ಲಿ ಇಡುತ್ತೇನೆ, ಅಲ್ಲಿ ತೇವವಿಲ್ಲ. ಬೀಗದ ಕೈ ಅಮ್ಮನ ಸೆರಗಿನಲ್ಲಿ. ಅಪ್ಪಯ್ಯನಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.