ಯಂತ್ರ ಬರೆದಿದ್ದೋ, ಹುಡುಗಿ ಬರೆದಿದ್ದೋ?

ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಓದುಗರೊಬ್ಬರು ಕೇಳಿದ್ದಾರೆ: ‘ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿ ಬಂದ ಹುಡುಗಿಯೊಬ್ಬಳ ಪ್ರಬಂಧವನ್ನು ಎಐ ಪತ್ತೆ ಮಾಡುವ ತಾಣಕ್ಕೆ ಹಾಕಿ ನೋಡಿದೆ. ಬಹುಪಾಲು ಯಂತ್ರವೇ ಬರೆದದ್ದು ಎಂದು ಬಂತು. ತಾನೇ ಬರೆದೆ ಎಂದು ಅವಳು ಅಳುತ್ತಾಳೆ. ಯಾರನ್ನು ನಂಬಲಿ?’

ಬೇರೆ ಸಾಕ್ಷಿ ಇಲ್ಲವಾದರೆ ಹುಡುಗಿಯನ್ನೇ ನಂಬಿ. ಯಾಕೆ ಅನ್ನುವುದಕ್ಕೆ 1951ರಷ್ಟು ಹಿಂದಕ್ಕೆ ಹೋಗಬೇಕು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಕ್ಲಾಡ್ ಶಾನನ್ ಆ ವರ್ಷ ಒಂದು ಆಟವನ್ನು ವಿಜ್ಞಾನ ಪ್ರಬಂಧವಾಗಿಸಿ ಪ್ರಕಟಿಸಿದ. ಎದುರಿಗಿರುವವರಿಗೆ ಗೊತ್ತಿಲ್ಲದ ಒಂದು ಇಂಗ್ಲಿಷ್ ವಾಕ್ಯ ಇರುತ್ತದೆ. ಅವರು ಮೊದಲ ಅಕ್ಷರ ಯಾವುದೆಂದು ಊಹಿಸಬೇಕು. ತಪ್ಪಾದರೆ ಮತ್ತೊಂದು ಊಹೆ, ಸರಿಯಾದರೆ ಮುಂದಿನ ಅಕ್ಷರ. ಒಂದೊಂದಕ್ಕೂ ಎಷ್ಟು ಸಲ ಊಹಿಸಬೇಕಾಯಿತು ಎಂದು ಶಾನನ್ ಬರೆದುಕೊಳ್ಳುತ್ತ ಹೋದ. ಪದಗಳ ನಡುವಿನ ಖಾಲಿ ಜಾಗವೂ ಸೇರಿ 102 ಅಕ್ಷರಗಳಿದ್ದ ಒಂದು ತುಣುಕಿನಲ್ಲಿ 79 ಅಕ್ಷರಗಳು ಮೊದಲ ಊಹೆಗೇ ಸಿಕ್ಕಿಬಿಟ್ಟವು! ಪದದ ಆರಂಭದಲ್ಲಿ ತಡವರಿಸುವವರು ಪದದ ಕೊನೆಗೆ ಬರುವಷ್ಟರಲ್ಲಿ ಸಲೀಸಾಗಿ ಹೇಳಿಬಿಡುತ್ತಿದ್ದರು. ನಾವು ಬರೆಯುವುದರಲ್ಲಿ ನಿಜವಾಗಿ ಹೊಸದು ಎಷ್ಟು, ಭಾಷೆ ಮೊದಲೇ ಕಟ್ಟಿಟ್ಟದ್ದು ಎಷ್ಟು ಎಂಬುದನ್ನು ಇಷ್ಟು ಅಗ್ಗದ ಸಲಕರಣೆಯಲ್ಲಿ ಅಳೆದವರು ಇನ್ನೊಬ್ಬರಿಲ್ಲ ಎಂದು ನನ್ನ ಎಣಿಕೆ.

ಕನ್ನಡದಲ್ಲಿ ಈ ಆಟ ಆಡಬೇಕೆಂದರೆ ಶಾಲೆಯ ರಜಾ ಅರ್ಜಿ ತೆಗೆದುಕೊಳ್ಳಿ. ‘ಮಾನ್ಯರೇ’ ಆದಮೇಲೆ ‘ವಿಷಯ’ ಬರಲೇಬೇಕು. ‘ಮೇಲ್ಕಂಡ ವಿಷಯಕ್ಕೆ’ ಎಂದು ಶುರುವಾದರೆ ‘ಸಂಬಂಧಿಸಿದಂತೆ’ ಎಂದು ಕಣ್ಣುಮುಚ್ಚಿ ಹೇಳಬಹುದು. ಜ್ವರ ಬಂದಿರುವ ಕಾರಣ ಶಾಲೆಗೆ ಬರಲು ಸಾಧ್ಯವಾಗುತ್ತಿಲ್ಲ, ದಯಮಾಡಿ ರಜೆ ಮಂಜೂರು ಮಾಡಬೇಕು, ಇಂತಿ ತಮ್ಮ ವಿಧೇಯ ವಿದ್ಯಾರ್ಥಿ. ಊಹೆ ಸೋಲುವುದು ಹುಡುಗನ ಹೆಸರಿನಲ್ಲಿ, ರಜೆಯ ದಿನಾಂಕದಲ್ಲಿ, ಅಷ್ಟೇ. ಹಾಗೆಂದು ಅವನು ಅದನ್ನು ಯಂತ್ರದಿಂದ ಬರೆಸಿದ ಅನ್ನುತ್ತೀರಾ?

ಪತ್ತೆ ಮಾಡುವ ಸಾಧನಗಳು ಎಡವುವುದು ಸರಿಯಾಗಿ ಇಲ್ಲೇ. ಚಾಟ್‌ಜಿಪಿಟಿಯಂಥ ಭಾಷಾ ಮಾದರಿ ಆಡುವುದೂ ಶಾನನ್‌ನ ಆಟವನ್ನೇ, ಅಕ್ಷರದ ಬದಲು ಪದದ ತುಂಡುಗಳಲ್ಲಿ. ಒಂದು ಬರಹ ಮಾದರಿಯನ್ನು ಎಷ್ಟು ತಬ್ಬಿಬ್ಬು ಮಾಡುತ್ತದೆ ಎಂಬುದಕ್ಕೆ ‘ಪರ್ಪ್ಲೆಕ್ಸಿಟಿ’ ಎಂಬ ಅಳತೆ ಇದೆ. ಮಾತನ್ನು ಬರಹಕ್ಕಿಳಿಸುವ ಯಂತ್ರಗಳ ಮೇಲೆ ಕೆಲಸ ಮಾಡುತ್ತಿದ್ದ ಐಬಿಎಂ ತಂಡ 1977ರಲ್ಲಿ ತಂದ ಅಳತೆ ಇದು. 2023ರ ಜನವರಿಯಲ್ಲಿ ಪ್ರಿನ್ಸ್‌ಟನ್ ವಿದ್ಯಾರ್ಥಿ ಎಡ್ವರ್ಡ್ ಟಿಯಾನ್ ಬಿಡುಗಡೆ ಮಾಡಿದ ಜಿಪಿಟಿಝೀರೋ ಇದನ್ನೇ ಆಧಾರವಾಗಿ ಹಿಡಿಯಿತು: ಬರಹ ಸುಲಭವಾಗಿ ಊಹೆಗೆ ಸಿಕ್ಕರೆ ಯಂತ್ರದ್ದು, ತಬ್ಬಿಬ್ಬು ಮಾಡಿದರೆ ಮನುಷ್ಯನದು. ಈಗಿನ ಸಾಧನಗಳು ಇನ್ನೂ ಬೇರೆ ಲಕ್ಷಣಗಳನ್ನು ಸೇರಿಸಿಕೊಂಡಿವೆ. ಆದರೆ ಅವು ನೋಡುವುದು ಬರಹದ ಮೈಕಟ್ಟನ್ನು. ಬರೆದ ಕೈಯನ್ನು ಕಂಡಿದ್ದು ಯಾವುದೂ ಇಲ್ಲ.

ಎರಡನೇ ಭಾಷೆಯಲ್ಲಿ ಬರೆಯುವವರ ಬಳಿ ಪದಗಳು ಕಡಿಮೆ. ಗಟ್ಟಿ ನೆಲ ಕಂಡಲ್ಲಿ ಮಾತ್ರ ಕಾಲಿಡುತ್ತಾರೆ. ಗೈಡ್‌ನಲ್ಲಿ ಓದಿದ, ಮೇಷ್ಟರು ಸರಿ ಎಂದ ವಾಕ್ಯಗಳನ್ನೇ ಮತ್ತೆ ಮತ್ತೆ ಬರೆಯುತ್ತಾರೆ. ಹಾಗಾಗಿ ಸುಲಭವಾಗಿ ಊಹೆಗೆ ಸಿಗುತ್ತಾರೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗಾಗಿ ಅಭ್ಯರ್ಥಿಗಳು ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟರು. ಎಲ್ಲವೂ ಮನುಷ್ಯರೇ ಬರೆದವು, ಆದರೆ ಇಂಗ್ಲಿಷ್ ಮನೆಮಾತಲ್ಲದವರು ಬರೆದವು. ಸರಾಸರಿ ಶೇ 61ರಷ್ಟನ್ನು ಸಾಧನಗಳು ಯಂತ್ರದ ಬರಹ ಎಂದವು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳ ವಿಷಯದಲ್ಲಿ ತೀರ್ಪು ಹೆಚ್ಚುಕಡಿಮೆ ಸರಿಯಾಗಿತ್ತು. ತಮಾಷೆ ಮುಂದಿದೆ. ಆ 91 ಪ್ರಬಂಧಗಳ ಪದಸಂಪತ್ತನ್ನು ಹೆಚ್ಚಿಸಿ ಕೊಡು ಎಂದು ಚಾಟ್‌ಜಿಪಿಟಿಗೇ ಹೇಳಿ, ಅದು ತಿದ್ದಿಕೊಟ್ಟದ್ದನ್ನು ಮತ್ತೆ ಪರೀಕ್ಷಿಸಿದಾಗ ಯಂತ್ರದ ಬರಹವೆಂಬ ಆರೋಪ ಶೇ 12ರ ಆಸುಪಾಸಿಗೆ ಇಳಿಯಿತು. ಯಂತ್ರ ಮುಟ್ಟಿದ ಮೇಲೆ ಮನುಷ್ಯನದಾಯಿತು!

ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಆರಂಭದಲ್ಲಿ ಪತ್ತೆ ಸಾಧನವೊಂದನ್ನು ತಂದು, ನಿಖರತೆ ಸಾಲದೆಂದು ಅದೇ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲೆಕ್ಕ ಇನ್ನೂ ಸರಳ. 2022ರಲ್ಲಿ ತನ್ನಲ್ಲಿ 75,000 ಬರಹಗಳು ತಪಾಸಣೆಗೆ ಹೋಗಿದ್ದವು. ತಪ್ಪು ನೂರಕ್ಕೆ ಒಂದೇ ಎಂದು ಒಪ್ಪಿದರೂ ಸುಮಾರು 750 ಬರಹಗಳ ಮೇಲೆ ಸುಳ್ಳು ಆರೋಪ ಬರುತ್ತದೆ. 2023ರ ಆಗಸ್ಟ್‌ನಲ್ಲಿ ಅದು ಎಐ ಪತ್ತೆ ಸಾಧನವನ್ನು ಬಂದ್ ಮಾಡಿತು.

ಮೈಕಟ್ಟು ನೋಡಿ ಅಂಕ ಹಾಕುವ ಚಾಳಿ ಹಳೆಯದು. ಅಮೆರಿಕದ ಎಲಿಸ್ ಪೇಜ್ 1966ರಲ್ಲೇ ಪ್ರಬಂಧಕ್ಕೆ ಕಂಪ್ಯೂಟರ್‌ನಿಂದ ಅಂಕ ಕೊಡಿಸಲು ಹೊರಟಿದ್ದರು. ಒಳ್ಳೆಯ ಬರಹವನ್ನು ಯಂತ್ರ ನೇರವಾಗಿ ಅಳೆಯಲಾರದು ಎಂದು ಅವರಿಗೆ ಗೊತ್ತಿತ್ತು. ಅದಕ್ಕೆ ಪ್ರಬಂಧದ ಉದ್ದ, ಪದಗಳ ಸರಾಸರಿ ಉದ್ದ, ಅಲ್ಪವಿರಾಮಗಳ ಸಂಖ್ಯೆ ಇಂಥವನ್ನು ಎಣಿಸಿದರು. ಅಂಕಗಳು ಮನುಷ್ಯರು ಕೊಟ್ಟದ್ದಕ್ಕೆ ಹತ್ತಿರವೇ ಬಂದವು. ಈ ದಾರಿಯಲ್ಲಿ ಬಂದ ಯಂತ್ರಗಳನ್ನು ಎಂಐಟಿಯ ಲೆಸ್ ಪೆರೆಲ್ಮನ್ 2014ರಲ್ಲಿ ಬೇಸ್ತು ಬೀಳಿಸಿದರು. ಮೂರು ಪದ ಕೊಟ್ಟರೆ ಅರ್ಥವೇ ಇಲ್ಲದ, ಆದರೆ ಭಾರೀ ಪದಗಳು ತುಂಬಿದ ಪ್ರಬಂಧ ಹೊರಹಾಕುವ ತಂತ್ರಾಂಶವನ್ನು ವಿದ್ಯಾರ್ಥಿಗಳ ಜೊತೆ ಸೇರಿ ಮಾಡಿದರು. ಅಂಕ ಕೊಡುವ ಯಂತ್ರಗಳು ಅದಕ್ಕೆ ಧಾರಾಳವಾಗಿ ಅಂಕ ಸುರಿದವು.

ಹಾಗಾದರೆ ಬರವಣಿಗೆ ಕಲಿಸುವಾಗ ಎಐಯನ್ನು ದೂರವೇ ಇಡಬೇಕೆ? ಬೇಡ. ಅದನ್ನು ಪೊಲೀಸಿನವನ ಕೆಲಸಕ್ಕೆ ಹಚ್ಚಬಾರದು, ಮಗುವಿನ ಬದಲು ಬರೆಯುವ ಕೆಲಸಕ್ಕೂ ಹಚ್ಚಬಾರದು, ಅಷ್ಟೆ. ಲಿಂಡಾ ಫ್ಲವರ್, ಜಾನ್ ಹೇಯ್ಸ್ ಎಂಬಿಬ್ಬರು ಬರೆಯುವವರಿಗೆ ಮನಸ್ಸಿನಲ್ಲಿ ಓಡುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಬರೆಯಿರಿ ಎಂದು ಹೇಳಿ, ಅದನ್ನು ದಾಖಲಿಸಿ ಅಧ್ಯಯನ ಮಾಡಿದವರು. 1981ರ ಅವರ ಪ್ರಬಂಧದ ತಿರುಳು: ಯೋಚಿಸಿ ಮುಗಿಸಿದ ಮೇಲೆ ಬರೆಯುವುದಲ್ಲ, ಬರೆಯುತ್ತಲೇ ಯೋಚನೆ, ತಿದ್ದುತ್ತಲೇ ಹೊಸ ಗುರಿ. ಬರೆಯುವುದನ್ನು ಎಐಗೆ ಒಪ್ಪಿಸಿದರೆ ಯೋಚನೆಯನ್ನೂ ಒಪ್ಪಿಸಿದಂತೆ.

ಒಂಬತ್ತನೇ ತರಗತಿಯ ಹುಡುಗ ‘ನಮ್ಮೂರ ಜಾತ್ರೆ’ ಬರೆದಿದ್ದಾನೆ ಎಂದಿಟ್ಟುಕೊಳ್ಳಿ. ‘ನಮ್ಮೂರಲ್ಲಿ ವರ್ಷಕ್ಕೊಮ್ಮೆ ಜಾತ್ರೆ ಆಗುತ್ತೆ. ತುಂಬಾ ಜನ ಬರ್ತಾರೆ.’ ಚೆನ್ನಾಗಿ ಮಾಡಿಕೊಡು ಎಂದರೆ ಎಐ ‘ಜಾತ್ರೆಗಳು ನಮ್ಮ ಶ್ರೀಮಂತ ಸಂಸ್ಕೃತಿಯ ಪ್ರತೀಕ’ ಎಂಬ ಧಾಟಿಯಲ್ಲಿ ಒಂದು ಪುಟ ಹರಿಯಬಿಡುತ್ತದೆ. ರಾಜ್ಯೋತ್ಸವದ ಭಾಷಣ! ಅದರ ಬದಲು, ‘ಒಂದು ವಾಕ್ಯವನ್ನೂ ತಿದ್ದಬೇಡ, ಇವನಿಗೆ ಮೂರು ಪ್ರಶ್ನೆ ಮಾತ್ರ ಕೇಳು’ ಎಂದು ಮೇಷ್ಟರು ಮೊದಲೇ ಕಟ್ಟು ಹಾಕಿದರೆ, ತೇರು ಎಳೆಯುವಾಗ ನೀನು ಎಲ್ಲಿ ನಿಂತಿದ್ದೆ, ಅಂಗಡಿಯಲ್ಲಿ ಏನು ಕೊಂಡೆ, ಯಾರ ಜೊತೆ ಹೋದೆ ಎಂಬಂಥ ಪ್ರಶ್ನೆಗಳು ಬರುತ್ತವೆ. ಹಗ್ಗ ಉಜ್ಜಿ ಅಂಗೈ ಸುಲಿದದ್ದು ಹುಡುಗನಿಗೆ ಆಗ ನೆನಪಾದೀತು. ಆ ವಾಕ್ಯವನ್ನು ಯಾವ ಮಾದರಿಯೂ ಊಹಿಸಲಾರದು. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರ ಬಳಿಯೂ ಕೂತು ಕೇಳಲು ಮೇಷ್ಟರಿಗೆ ಪುರುಸೊತ್ತಿಲ್ಲ. ಎಐಗೆ ಇದೆ.

ಹಾಗೆ ಮಾಡುವಾಗ ಮಗುವಿನ ಹೆಸರು, ಶಾಲೆಯ ಹೆಸರು ತೆಗೆದು ಹಾಕಬೇಕು. ಇಂಥ ಸಾಧನಗಳ ಜೊತೆ ಸ್ವತಂತ್ರವಾಗಿ ಮಾತಾಡಲು ಕನಿಷ್ಠ 13 ವರ್ಷವಾದರೂ ಆಗಿರಲಿ ಎಂಬುದು 2023ರ ಯುನೆಸ್ಕೊ ಮಾರ್ಗಸೂಚಿಯ ಸಲಹೆ.

ಎಐ ಬಳಸಿದರೆ ಮಿದುಳು ಜಡ್ಡುಗಟ್ಟುತ್ತದೆ ಎಂಬ ತಲೆಬರಹವನ್ನು 2025ರಲ್ಲಿ ನೀವೂ ನೋಡಿರಬಹುದು. ಎಂಐಟಿಯ ಆ ಅಧ್ಯಯನದಲ್ಲಿದ್ದವರು 54 ಜನ, ಕೊನೆಯ ಸುತ್ತಿಗೆ ಉಳಿದವರು 18. ಪರಿಣತರ ವಿಮರ್ಶೆ ಆಗುವ ಮೊದಲೇ ಪತ್ರಿಕೆಗಳು ತೀರ್ಪು ಕೊಟ್ಟುಬಿಟ್ಟವು. ಆ ಗದ್ದಲದಲ್ಲಿ ಒಂದು ಸಂಗತಿ ಮೂಲೆಗೆ ಬಿತ್ತು. ಮೊದಲು ಸ್ವಂತವಾಗಿ ಬರೆದು ಆಮೇಲೆ ಎಐ ಹಿಡಿದವರಲ್ಲಿ ಮಿದುಳಿನ ಚಟುವಟಿಕೆ ಕುಗ್ಗಿರಲಿಲ್ಲ. ಮೊದಲಿನಿಂದಲೂ ಎಐ ನೆಚ್ಚಿ, ಕೊನೆಗೆ ಅದಿಲ್ಲದೆ ಬರೆಯಬೇಕಾಗಿ ಬಂದವರಲ್ಲಿ ಕುಗ್ಗಿತ್ತು. 18 ಜನರನ್ನು ನಂಬಿ ಪಠ್ಯಕ್ರಮ ಬದಲಿಸಿ ಎಂದು ನಾನು ಹೇಳಲಾರೆ. ಆದರೆ ಪೀರಿಯಡ್‌ನ ಮೊದಲ ಅರ್ಧ ಬರೀ ಹಾಳೆ, ಪೆನ್ನು, ಫೋನು ಹೊರಬರುವುದು ಆಮೇಲೆ ಎಂದು ಮಾಡಿ ನೋಡುವುದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ. ಆ ಮೊದಲ ಅರ್ಧದ ಗೀಚಾಟವನ್ನು ಮೇಷ್ಟರು ತೆಗೆದಿಟ್ಟುಕೊಂಡರೆ, ಯಾರು ಬರೆದದ್ದು ಎಂದು ತಾಣದ ಬಳಿ ಕೇಳುವ ಪ್ರಮೇಯವೂ ಬರುವುದಿಲ್ಲ.