ಸೇಲಂ ಬೇಸಿಗೆಯಲ್ಲಿ ಪ್ರೊಸೆಸರ್ ಕೂಲರ್

ಕನ್ನಡ ಮನೆಮಾತಿನ ದೇವಾಂಗ ನೇಕಾರರಿರುವ ಸೇಲಂನಲ್ಲಿ, ಪಕ್ಕದ ಧರ್ಮಪುರಿಯಲ್ಲಿ ಕ್ಷೇತ್ರಕಾರ್ಯ ಮಾಡುವ ನಾವು ಸ್ಕ್ಯಾನ್ ಪುಟಗಳನ್ನು ಪಠ್ಯವಾಗಿಸೋಕೆ ಟೆಸ್ಸೆರಾಕ್ಟ್ ಬಳಸಬಹುದು; ಅದಕ್ಕೆ ಕನ್ನಡ ಓದೋಕೆ ಬರುತ್ತೆ. ಆದರೆ ನೂರಾರು ಪುಟ ಒಟ್ಟಿಗೆ ಕೊಟ್ಟರೆ ಪ್ರೊಸೆಸರ್ ಬಿಡುವಿಲ್ಲದೆ ದುಡಿಯುತ್ತೆ, ಕಾಯುತ್ತೆ.

ಫ್ಯಾನ್ ಇರುವ ಯಾವ ಕೂಲರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. 25 ಡಿಗ್ರಿ ಕೋಣೆಯಲ್ಲಿ 80 ಮುಟ್ಟುವ ಪ್ರೊಸೆಸರ್, ಏಪ್ರಿಲ್ ತಿಂಗಳ 38 ಡಿಗ್ರಿಯಲ್ಲಿ 93ರ ಹತ್ತಿರ ಹೋಗುತ್ತೆ. ಅನೇಕ ಪ್ರೊಸೆಸರ್‌ಗಳು 100ರ ಆಸುಪಾಸಿನಲ್ಲಿ ತಾವೇ ವೇಗ ಇಳಿಸಿಕೊಳ್ಳುತ್ತವೆ. ನಾವು ಮಾತ್ರ ‘ಸಿಸ್ಟಮ್ ಹಳೇದಾಯ್ತು’ ಅಂತೀವಿ! ನನ್ನ ಪ್ರಕಾರ, ಹೊಸ ಕಂಪ್ಯೂಟರಿಗೆ ಅರ್ಜಿ ಹಾಕುವ ಮೊದಲು ಕೂಲರ್ ನೋಡಬೇಕು.

ಧೂಳು ಕಟ್ಟಿದ್ದರೆ ಬ್ರಷ್ಷೇ ಸಾಕಾಗಬಹುದು. ಸಾಲದಿದ್ದರೆ 120 ಮಿ.ಮೀ. ಫ್ಯಾನಿನ ಟವರ್ ಕೂಲರ್. ಅದು ನಿಮ್ಮ ಸಾಕೆಟ್‌ಗೆ ಹೊಂದಬೇಕು. ಎಷ್ಟೋ ಟವರ್‌ಗಳು 150 ಮಿ.ಮೀ.ಗಿಂತ ಎತ್ತರ, ಕಿರಿದಾದ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚೋದೇ ಇಲ್ಲ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಇಡಿ. ಪೇಸ್ಟ್ ತಾನಾಗಿ ತಂಪು ಮಾಡೋದಿಲ್ಲ. ಲೋಹಗಳ ನಡುವಿನ ಸಣ್ಣ ಸಂದುಗಳಲ್ಲಿರೋ ಗಾಳಿಯನ್ನು ಹೊರದೂಡಿ ಶಾಖಕ್ಕೆ ದಾರಿ ಮಾಡುತ್ತೆ. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕಿತ್ತು, ಎದುರುಬದುರು ಮೂಲೆಯ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ಬಿಗಿಸಿ.